ಮುಂದಿನ ಲಾಂಚ್

ಇಪ್ಪತ್ತೆರಡು ವರ್ಷ ಹಗ್ಗ ಎಸೆದವನು ನಾನು.
ಹೊಳೆಬಾಗಿಲಿನ ದಡ ಬಂತೆಂದರೆ ಕಣ್ಣು ಮುಚ್ಚಿದರೂ
ಗೂಟಕ್ಕೇ ಬೀಳುತ್ತಿತ್ತು ಕುಣಿಕೆ.
ಈಗ ಸೇತುವೆ.
ತುಮರಿಯ ಬ್ಯಾಂಕಿಗೆ ರಾತ್ರಿ ಕಾವಲು.
ತಲೆಯ ಮೇಲೆ ತಾರಸಿ, ತಾರಸಿಯ ಮೇಲೊಂದು ತಟ್ಟೆ,
ಓಣಿಗೆಲ್ಲ ಅನ್ನ ಬಡಿಸುವಷ್ಟು ಅಗಲ.
ಹಕ್ಕಿಹಿಕ್ಕೆ ಬಿಟ್ಟರೆ ಅದರಲ್ಲಿ ಏನೂ ಬಿದ್ದದ್ದು ನಾ ಕಾಣೆ.

ಅದನ್ನು ನೋಡಿಕೊಳ್ಳುವವನು ಸಾಗರದ ಲಿಗೋರಿ,
ಚಪ್ಪಲಿ ಕೆಳಗೇ ಬಿಟ್ಟು ಏಣಿ ಹತ್ತುತ್ತಾನೆ.
ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ, ಅಂದ,
ಒಂದು ಇದೆ, ಬಸ್ಸಿನ ಗಾತ್ರ,
ಅಲುಗುವುದಿಲ್ಲ, ನಿಮ್ಮ ಸೇತುವೆಯ ಕಂಬದ ಹಾಗೆ.
ಒಮ್ಮೆ ತಟ್ಟೆಯ ಮುಖ ಅತ್ತ ಮಾಡಿಟ್ಟರೆ
ಹದಿನೈದು ವರ್ಷ ಕುತ್ತಿಗೆ ಹೊರಳಿಸಬೇಕಿಲ್ಲ.
ಬೆಲೆ ಎಷ್ಟು ಮಾರಾಯ, ಕೇಳಿದೆ.
ಸೊನ್ನೆ ಎಣಿಸಿ ಮುಗಿಸುವಷ್ಟರಲ್ಲಿ ಬೀಡಿ ಆರಿತ್ತು.

ಆದರೂ ಆಷಾಢದ ಮೋಡ ಕವುಚಿಕೊಂಡರೆ
ಕ್ಯಾಷಿಯರ್ ವಾರಿಜಮ್ಮ ರಟ್ಟಿನ ಬೋರ್ಡು ತೂಗುಹಾಕುತ್ತಾರೆ:
ಲಿಂಕ್ ಇಲ್ಲ.
ಪಿಂಚಣಿಗೆ ಬಂದವರು ಛತ್ರಿ ಮಡಚಿ,
ಮತ್ತೆ ಬಿಚ್ಚಿ, ಹೋಗುತ್ತಾರೆ.

ಕಾರ್ತಿಕದಲ್ಲಿ ಬಂದಳು ಮಾಲಿನಿ, ಗುಡಿಗಾರರ ಹುಡುಗಿ.
ಅಪ್ಪ ಗಂಧದಲ್ಲಿ ಆನೆ ಕೆತ್ತುವವನು,
ಅವನ ಉಕ್ಕಿನ ಅಳತೆಪಟ್ಟಿ ತುಂಡರಿಸಿ
ಪೈಪಿಗೆ ಬಿಗಿದು ತಂದಿದ್ದಳು, ಮೀನಿನ ಮುಳ್ಳಿನಂಥದೊಂದು.
ಇಂಚಿನ ಅಂಕಿ ಇನ್ನೂ ಅಳಿಸಿರಲಿಲ್ಲ.
ಬರೀ ಪರೀಕ್ಷೆ, ಅಂದಳು. ಮ್ಯಾನೇಜರು ತಲೆಯಾಡಿಸಿದರು.
ಲಿಗೋರಿ ಆಡಿಸಲಿಲ್ಲ.

ನಮ್ಮದು ಇಷ್ಟೇ, ಅಂಗೈ ಎರಡನ್ನೂ ಎದುರುಬದುರು ಹಿಡಿದಳು,
ಬೆಲ್ಲದ ಅಚ್ಚಿಗಿಂತ ತುಸು ಉದ್ದ.
ಒಂದಲ್ಲ, ನಲವತ್ತು. ಐನೂರು ಕಿಲೋಮೀಟರಷ್ಟೇ ಮೇಲೆ.
ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತವೆ,
ಒಂದು ಮುಳುಗುವ ಹೊತ್ತಿಗೆ ಇನ್ನೊಂದು.
ಎಷ್ಟು ಬಾಳಿಕೆ? ಲಿಗೋರಿ ಕೇಳಿದ.
ನಾಲ್ಕು ವರ್ಷ. ಆಮೇಲೆ ಉರಿದುಹೋಗುತ್ತವೆ.
ಆಮೇಲೆ?
ಆಮೇಲೆ ಇನ್ನೊಂದು ಲಾಂಚ್. ಮುಂದಿನದು ಫೆಬ್ರವರಿಗೆ.

ಲಾಂಚ್!
ಒಂದು ಕ್ಷಣ ಡೀಸೆಲ್ಲಿನ ಹೊಗೆ, ಹಲಗೆಯ ಸದ್ದು,
ಬೈಕಿನ ಮೇಲೆ ಕೂತೇ ಹಿನ್ನೀರು ದಾಟುತ್ತಿದ್ದ
ಬ್ಯಾಕೋಡಿನ ಮೇಷ್ಟರು, ಅವರ ಕೈಯ ಚಿಲ್ಲರೆ.
ರಾಕೆಟ್ಟಿನ ಮಾತೆಂದು ತಿಳಿದು
ಮೂವರೂ ನಕ್ಕೆವು. ನಾನು ಸ್ವಲ್ಪ ತಡವಾಗಿ.

ಏಳು ಹನ್ನೆರಡಕ್ಕೆ
ಕೊಡಚಾದ್ರಿಯ ಹೆಗಲಿನ ಕಡೆ ಮುಳ್ಳು ತಿರುಗಿಸಿ ನಿಂತಳು.
ಮೊದಲು ಬರೀ ಸರಸರ.
ಆಮೇಲೆ ಜೀರುಂಡೆಯೊಂದು ಗಂಟಲು ಸರಿಮಾಡಿಕೊಂಡಂತೆ,
ತಲೆಯ ಮೇಲೆ ಹಾಯುತ್ತ ಸ್ವರ ಇಳಿಯಿತು.
ಬೇಗ ಹೇಳಿ, ಏನು ಕಳಿಸಲಿ?
ವಾರಿಜಮ್ಮ ಹೇಳಿದರು: ತುಮರಿ. ಲಿಂಕ್ ಇದೆ.
ಒಂಬತ್ತು ನಿಮಿಷ.
ಬಡಗಣ ಗುಡ್ಡ ನುಂಗಿತು.

ಇಷ್ಟರಲ್ಲಿ ಸಾಲದ ಲೆಕ್ಕ ಬರೆಯಲಿಕ್ಕೆ ಆಗುತ್ತದಾ?
ಲಿಗೋರಿ ಅಂದದ್ದು ಮೆಲ್ಲಗೆ.
ಇಲ್ಲ, ಅಂದಳು ಹುಡುಗಿ. ಇನ್ನೂ ಇಲ್ಲ.

ಕೆಳಗೆ ನಿಂತದ್ದು ಗೆದ್ದಿತು, ಓಡಾಡಿದ್ದು ದಡದಲ್ಲಿ ತುಕ್ಕು ಹಿಡಿಯಿತು.
ಮೇಲೆ ಲೆಕ್ಕ ತಿರುಗುಮುರುಗಂತೆ. ನನಗೆಂತ ಗೊತ್ತು?
ರಾತ್ರಿ ಲಾಂಚಿಲ್ಲದೆ ದಡದಲ್ಲೇ ನೋವು ತಿಂದ ಬಸುರಿಯರನ್ನು ಬಲ್ಲೆ,
ಸೇತುವೆಗೆ ಕೈ ಮುಗಿದಿದ್ದೇನೆ,
ಆಮೇಲೆ ಮನೆಗೆ ಬಂದು ಉಣ್ಣದೆ ಮಲಗಿದ್ದೇನೆ.

ಮಾಲಿನಿ ಅಂಟಿಸಿಹೋದ ವೇಳಾಪಟ್ಟಿ
ಗೋಡೆಯ ಮೇಲೆ ಇನ್ನೂ ಇದೆ.
ಏಣಿ ಹತ್ತುತ್ತೇನೆ ದಿನಾ. ಏನೂ ಕಾಣುವುದಿಲ್ಲ,
ಲಿಗೋರಿಯ ತಟ್ಟೆ ಮಾತ್ರ
ಒಂದೇ ಕಡೆ ಮುಖವಿಟ್ಟು ತೇವವಾಗಿದೆ.
ಹೊತ್ತಿಗೆ ಸರಿಯಾಗಿ ನನ್ನ ಬಲಗೈ
ತಾನಾಗಿ ಹಿಂದಕ್ಕೆ ಹೋಗುತ್ತದೆ,
ಹಗ್ಗದ ಭಾರ ಹುಡುಕುತ್ತ.